ಮುನಿಶಾಮಮ್ಮನ ಹೆಸರಿನ ಹಾಡು

೧೪ ಜುಲೈ ೨೦೨೫, ಸೋಮವಾರ

ಇವತ್ತು ಎರಡು ಲಾರಿಗೆ ಹೆಸರು ಬರೆಯಬೇಕಿತ್ತು. ಒಂದಕ್ಕೂ ಬರೆಯಲಿಲ್ಲ. ಗಾಳಿಯಲ್ಲಿ ತೇವ ಇದೆ, ಪೇಂಟ್ ಹಿಡಿಯುವುದಿಲ್ಲ ಎಂದು ಲಾರಿ ಓನರ್‌ಗೆ ಸುಳ್ಳು ಹೇಳಿದೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ, ಟೀ ಕುಡಿಯಲು ಹೋದ.

ಯಾರಿಗೂ ಹೇಳುವ ಹಾಗಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ಅದಕ್ಕೇ ಅಂಗಡಿಯ ಗೂಡಿನಲ್ಲಿದ್ದ ಈ ಖಾಲಿ ಡೈರಿ ತೆಗೆದೆ. ಕನ್ನಡದಲ್ಲಿ ಬರೆದರೆ ಭಯವಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ನನಗೊಬ್ಬನಿಗೇ. ಶಾಲೆಯಲ್ಲಿ ನಾನೂ ಕಲಿತದ್ದು ತಮಿಳು. ಕರ್ನಾಟಕದ ಲಾರಿಗಳು ಗಡಿ ದಾಟಿ ನಮ್ಮ ಶಂಕಗಿರಿಗೆ ಬಂದಾಗ ಹೆಸರು ಬರೆಯಲೆಂದು ಈ ಅಕ್ಷರ ಕಲಿತೆ. ಡ್ರೈವರ್‌ಗಳು ಕ್ಯಾಬಿನ್ನಿನಲ್ಲಿ ಬಿಟ್ಟುಹೋದ ವಾರಪತ್ರಿಕೆಗಳನ್ನು ಇಪ್ಪತ್ತು ವರ್ಷ ಓದಿ ಓದಿ ಬರೆಯುವುದನ್ನೂ ಕಲಿತೆ. ಹೆಂಡತಿ ಸುಗುಣಾ ಇದನ್ನು ತೆರೆದು ನೋಡಿದರೂ ಅವಳಿಗೆ ಏನೂ ತಿಳಿಯುವುದಿಲ್ಲ.

ಆದದ್ದು ಇಷ್ಟು. ಮೂರು ವರ್ಷದ ಹಿಂದೆ ಸೇಲಂನಲ್ಲಿ ವಿಶ್ವನಾಥನ್ ಎಂಬವನ ಸ್ಟುಡಿಯೋಗೆ ಬೋರ್ಡು ಬರೆಯಲು ಹೋಗಿದ್ದೆ. ಏಣಿಯ ಮೇಲೆ ನಿಂತು ಅಮ್ಮನ ಹಾಡು ಗುನುಗುತ್ತಿದ್ದೆ. ಅವನಿಗೆ ಹಿಡಿಸಿತು. ಒಬ್ಬಳು ಹುಡುಗಿಯಿಂದ ಹಾಡಿಸಿ ಯೂಟ್ಯೂಬಿಗೆ ಹಾಕಿದ. ಬರೆದವರು ಯಾರೆಂದು ಕೇಳಿದಾಗ ‘ಮುನಿಶಾಮಮ್ಮ’ ಎಂದು ಅಮ್ಮನ ಹೆಸರು ಹೇಳಿದೆ. ನಮ್ಮೂರಿನಲ್ಲಿ ಲಾರಿಯ ಹಣೆಗೆ ಯಾರೂ ತಮ್ಮ ಹೆಸರು ಬರೆಸುವುದಿಲ್ಲ. ಅಮ್ಮನದೋ ಮಕ್ಕಳದೋ ಬರೆಸುತ್ತಾರೆ, ಓನರ್ ಹೆಸರು ಬಾಗಿಲ ಕೆಳಗೆ ಇರುವೆಯಷ್ಟು ಗಾತ್ರದಲ್ಲಿರುತ್ತದೆ. ಅದೇ ರೂಢಿಯಲ್ಲಿ ಅಂದುಬಿಟ್ಟೆ.

ಬಾಕ್ಲಲ್ಲೇ ನಿಂತ್ಯಲ್ಲ, ಬಾರೋ ಒಳಕ್ಕೆ ಮಗನೇ,
ಯಾಕಪ್ಪ ಭಯ ನಿಂಗೆ, ನಾನು ನಿನ್ನಮ್ಮ ತಾನೇ.

ಹಾಡು ಎರಡು ವರ್ಷ ಸುಮ್ಮನೆ ಬಿದ್ದಿತ್ತು. ಹೋದ ದೀಪಾವಳಿಯ ಹೊತ್ತಿಗೆ ಎಲ್ಲಿಂದಲೋ ಎದ್ದು ಎಲ್ಲರ ಫೋನಿಗೂ ಬಂತು. ಈಗ ಹಾಡು ಬರೆದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಮುಂಬೈಯ ಸೊಸೈಟಿಯಿಂದ ವಿಶ್ವನಾಥನ್ ಮೂಲಕ ನನಗೆ ಕಾಗದ ಬಂದಿದೆ. ಈ ಹಾಡು ಬೇರೊಬ್ಬ ಮುನಿಶಾಮಮ್ಮನ ಲೆಕ್ಕಕ್ಕೆ ಸೇರಿದೆಯಂತೆ. ವಿವರ ಹೊಂದುತ್ತಿಲ್ಲ, ನಿಜವಾಗಿ ಬರೆದವರು ಯಾರೆಂದು ಮೂವತ್ತು ದಿನದೊಳಗೆ ಸಹಿ ಹಾಕಿ ತಿಳಿಸಿ, ಸುಳ್ಳು ಹೇಳಿದರೆ ಕಾನೂನು ಕ್ರಮ. ಇಂಗ್ಲಿಷಿನಲ್ಲಿದ್ದ ಕೊನೆಯ ಮಾತನ್ನು ಫೋನಿನಲ್ಲಿ ತಮಿಳಿಗೆ ತಿರುಗಿಸಿ ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು.

೧೫ ಜುಲೈ, ಮಂಗಳವಾರ

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ಹಾಡು ಬರೆದದ್ದು ಅಮ್ಮ ಅಲ್ಲ, ನಾನು.

ಇದು ಪೊಲೀಸರ ಭಯವಲ್ಲ. ಪೊಲೀಸರ ಭಯವೂ ಇದೆ, ಅದು ಬೇರೆ. ೨೦೨೧ರ ಮೇ ತಿಂಗಳಿನಲ್ಲಿ ಅಮ್ಮನಿಗೆ ಕೊರೊನಾ ಬಂದು ಸೇಲಂ ಆಸ್ಪತ್ರೆಗೆ ಸೇರಿಸಿದ್ದೆವು. ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ನರ್ಸಮ್ಮ ಬಂದು, ತುಂಬ ಕಷ್ಟ ಇದೆ, ಒಬ್ಬರು ಒಳಗೆ ಹೋಗಿ ಐದು ನಿಮಿಷ ನೋಡಬಹುದು ಎಂದು ಹೇಳಿ ಆ ನೀಲಿ ಕಿಟ್ ಕೈಗೆ ಕೊಟ್ಟಳು. ನಾನು ಹಾಕಿಕೊಂಡೆ. ಬಾಗಿಲ ತನಕ ಹೋದೆ. ಒಳಗೆ ಹೋಗಲಿಲ್ಲ. ಹೋದರೆ ನನಗೂ ಬರುತ್ತದೆ, ಸತ್ತುಹೋಗುತ್ತೇನೆ ಎಂದು ಕಾಲು ಏಳಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ತನಕ ಅಲ್ಲೇ ನಿಂತಿದ್ದೆ. ಒಂದು ಗಂಟೆಗೆ ಅವರೇ ಹೊರಗೆ ಬಂದು ಹೇಳಿದರು.

ಅಕ್ಕ ನಂಗವಳ್ಳಿಯಲ್ಲಿ ಇದ್ದಳು. ಬಸ್ಸಿಲ್ಲ, ದಾರಿಯಲ್ಲೆಲ್ಲ ತಡೆ, ಅವಳಿಗೆ ಬರಲಾಗಲಿಲ್ಲ. ಸಂಜೆ ಫೋನಿನಲ್ಲಿ ಒಂದೇ ಮಾತು ಕೇಳಿದಳು: “ಅಮ್ಮ ಏನಾದ್ರೂ ಏಳುದ್ಲಾ?” ಏಳುದ್ಲು ಅಂದೆ. ‘ಬಾಗಿಲಲ್ಲಿ ಯಾಕೆ ನಿಂತೆ, ಒಳಗೆ ಬಾ, ಯಾಕಪ್ಪ ಭಯ’ ಎಂದು ಹೇಳಿದಳು, ನಾನು ಒಳಗೆ ಹೋಗಿ ಕೈ ಹಿಡಿದುಕೊಂಡೆ ಅಂದೆ. ಅದು ಬಾಯಿಗೆ ಹೇಗೆ ಬಂತೋ ತಿಳಿಯದು. ಆಮೇಲೆ ವರ್ಷವಿಡೀ ಪೇಂಟ್ ಮಾಡುವಾಗಲೆಲ್ಲ ಆ ಮಾತು ಬೆಳೆದು ಬೆಳೆದು ಹಾಡಾಯಿತು. ಅಮ್ಮ ಸಾಯುವ ಮೊದಲು ಕಟ್ಟಿದ ಪದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಸುಗುಣಾ ಕೂಡ.

ಬರೆದವನು ನಾನು ಎಂದು ಸಹಿ ಹಾಕಿದರೆ ಅಕ್ಕನಿಗೆ ತಿಳಿಯುತ್ತದೆ. ಅಮ್ಮ ಹೇಳಿದ್ದು ಎಂದು ಅವಳು ಇಟ್ಟುಕೊಂಡಿರುವ ಒಂದೇ ಮಾತು ನಾನು ಕಟ್ಟಿದ್ದು ಎಂದು ತಿಳಿಯುತ್ತದೆ.

೧೯ ಜುಲೈ, ಶನಿವಾರ

ಸೇಲಂಗೆ ಹೋಗಿಬಂದೆ. ಬಸ್ಸಿನಲ್ಲಿ ಒಬ್ಬ ಖಾಕಿ ಪ್ಯಾಂಟಿನವನು ಪಕ್ಕದಲ್ಲಿ ಕೂತ. ಆಸ್ಪತ್ರೆಯ ವಾಚ್‌ಮನ್ ಎಂದು ಗೊತ್ತಾಗುವ ತನಕ ನಾನು ಉಸಿರು ಬಿಗಿಹಿಡಿದೇ ಇದ್ದೆ. ನನ್ನ ಧೈರ್ಯ ಇಷ್ಟೇ.

ವಿಶ್ವನಾಥನ್ ಕಾಫಿ ತರಿಸಿ ಎಲ್ಲವನ್ನೂ ಬಿಡಿಸಿ ಹೇಳಿದ. “ಅಣ್ಣೇ, ಪೇರ್ ಮುಕ್ಯಂ ಇಲ್ಲೆ, ನಂಬರ್ ದಾನ್ ಮುಕ್ಯಂ.” ಹೆಸರು ಮುಖ್ಯವಲ್ಲ, ನಂಬರೇ ಮುಖ್ಯ ಎಂದು. ಲೋಕದಲ್ಲಿ ಒಂದೇ ಹೆಸರಿನ ನೂರು ಜನ ಹಾಡು ಬರೆಯುತ್ತಾರೆ. ಹಾಗಾಗಿ ಸೊಸೈಟಿಗೆ ಸೇರಿದ ಪ್ರತಿಯೊಬ್ಬರಿಗೂ ಹನ್ನೊಂದು ಅಂಕಿಯ ಒಂದು ನಂಬರ್ ಇರುತ್ತದಂತೆ. ಹಾಡು ಯಾವ ದೇಶದಲ್ಲಿ ನುಡಿದರೂ ಆ ನಂಬರ್ ಹಿಡಿದು ಬರೆದವರನ್ನು ಹುಡುಕುತ್ತಾರೆ. ನಮ್ಮ ಲಾರಿಯದೂ ಅದೇ ಕತೆ. ಹಣೆಯ ಮೇಲೆ ಯಾವ ದೇವರಿದ್ದರೂ ಆರ್‌ಟಿಒ ನೋಡುವುದು ಪ್ಲೇಟನ್ನೇ. ಅವನ ಆಫೀಸಿನ ಹುಡುಗಿ ಹಾಡನ್ನು ನೋಂದಾಯಿಸುವಾಗ ‘ಮುನಿಶಾಮಮ್ಮ’ ಎಂದು ಹೊಡೆದಿದ್ದಾಳೆ. ಪಟ್ಟಿಯಲ್ಲಿ ಒಬ್ಬಳೇ ಮುನಿಶಾಮಮ್ಮ ಕಂಡಿದ್ದಾಳೆ, ಅವಳನ್ನೇ ಒತ್ತಿಬಿಟ್ಟಿದ್ದಾಳೆ.

ಆ ಮುನಿಶಾಮಮ್ಮ ತೊಪ್ಪೂರಿನ ಹತ್ತಿರದ ಹಳ್ಳಿಯ ಅಜ್ಜಿ. ಸಾವಿನ ಮನೆಯಲ್ಲಿ ಒಪ್ಪಾರಿ ಹಾಡುವವಳು. ಹಿಂದೆ ಯಾರೋ ಪ್ರೊಫೆಸರ್ ಅವಳ ಪದಗಳನ್ನು ರೆಕಾರ್ಡ್ ಮಾಡಿ, ಅವಳನ್ನು ಸೊಸೈಟಿಗೂ ಸೇರಿಸಿದ್ದರಂತೆ.

“ಈಗ ಎರಡು ದಾರಿ ಇದೆ” ಎಂದ ವಿಶ್ವನಾಥನ್. ಬರೆದದ್ದು ಅಮ್ಮ ಎಂದಾದರೆ ಅಮ್ಮನ ಮರಣ ಪತ್ರ, ವಾರಸುದಾರರ ಸರ್ಟಿಫಿಕೇಟು ಬೇಕು, ಮಕ್ಕಳಿಬ್ಬರೂ ಸಹಿ ಹಾಕಬೇಕು. ಬೇರೆ ಯಾರಾದರೂ ಬರೆದಿದ್ದರೆ ಅವರೇ ಸೇರಿ ಸಹಿ ಹಾಕಬೇಕು. ಯಾವುದಾದರೂ ಸರಿ, ‘ಇದು ನನ್ನದಲ್ಲ’ ಎಂದು ತೊಪ್ಪೂರಿನ ಅಜ್ಜಿಯ ಕೈಯಿಂದ ಒಂದು ಕಾಗದ ತರಲೇಬೇಕು.

“ಅಮ್ಮಾ ದಾನ್ ಎಳುದಿನಾಂಗ, ಇಲ್ಲಿಯಾ ಅಣ್ಣೇ?” ಎಂದು ಕೇಳಿದ. ಅಮ್ಮ ತಾನೇ ಬರೆದದ್ದು ಎಂದು.

ಹೂಂ ಅಂದೆ. ಇನ್ನೇನು ಹೇಳಲಿ. 

೨೦ ಜುಲೈ, ಭಾನುವಾರ

ಅಕ್ಕನಿಗೆ ಫೋನ್ ಮಾಡಿದೆ. ಅರ್ಧ ಹೇಳುವಷ್ಟರಲ್ಲೇ ಅವಳು ಅಳಲು ಶುರು ಮಾಡಿದಳು. ಸಂತೋಷಕ್ಕೆ. “ನಮ್ಮಮ್ಮನ್ಗೆ ನಂಬರ್ ಕೊಡ್ತಾರಾ? ರೇಷನ್ ಕಾರ್ಡಲ್ಲೇ ಅವಳ ಎಸ್ರು ಸರ್ಯಾಗಿ ಇರ್ಲಿಲ್ಲ ಕಣೋ ಪ್ರಭಾ!” ಕಾಗದಗಳನ್ನೆಲ್ಲ ತಾನೇ ಓಡಾಡಿ ಮಾಡಿಸುತ್ತಾಳಂತೆ. ನೀನು ಏನೂ ಮಾಡಬೇಡ ಅಂದಳು.

ಏನೂ ಮಾಡದೆ ಇರುವುದರಲ್ಲಿ ನಾನು ಯಾವಾಗಲೂ ಹುಷಾರು.

೨೬ ಜುಲೈ, ಶನಿವಾರ

ಕೆಲಸದಲ್ಲಿ ತಪ್ಪು ಬಿತ್ತು. ಒಂದು ಟಿಪ್ಪರ್‌ಗೆ ‘ಸಂಧ್ಯಾ’ ಎಂದು ಬರೆಯಬೇಕಿತ್ತು, ಅರ್ಧ ಬರೆದು ಕೈ ನಿಂತುಹೋಯಿತು. ಇದು ಯಾರ ಹೆಸರು, ನಿಜವಾಗಿ ಅಂಥ ಮಗಳು ಇದ್ದಾಳಾ, ಇಲ್ಲದಿದ್ದರೆ ಬರೆದ ನನ್ನನ್ನೂ ಹಿಡಿಯುತ್ತಾರಾ ಎಂದೆಲ್ಲ ತಲೆಗೆ ಬಂತು. ಕಾಳಿಯಪ್ಪನ್ ಡ್ರೈವರ್ ಕೆಳಗಿನಿಂದ ಕೂಗಿದ: “ಎನ್ನಣ್ಣೇ, ತೂಂಗಿಟ್ಟೀಂಗಳಾ?” ನಿದ್ದೆಯಲ್ಲ ತಮ್ಮಾ. ನಿದ್ದೆ ಬಂದು ಹನ್ನೆರಡು ದಿನವಾಯಿತು.

ಸುಗುಣಾ ಊಟಕ್ಕೆ ಕೂತಾಗ ನನ್ನ ಮುಖವನ್ನೇ ನೋಡಿದಳು. “ಏನ್ರೀ, ಮೈಗೆ ಸರಿ ಇಲ್ವಾ? ಎರಡು ತುತ್ತು ತಿಂದು ಕೈ ತೊಳೀತೀರಲ್ಲ.” ಪೇಂಟಿನ ವಾಸನೆ ಅಂದೆ. ಇಪ್ಪತ್ತು ವರ್ಷದಿಂದ ಇಲ್ಲದ ವಾಸನೆ ಈಗ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

೩ ಆಗಸ್ಟ್, ಭಾನುವಾರ

ಆಡಿ ತಿಂಗಳ ಹದಿನೆಂಟು, ಹೊಳೆಯ ಹಬ್ಬ. ಅಕ್ಕ ಮೆಟ್ಟೂರಿನಲ್ಲಿ ಹೊಳೆಗೆ ಪೂಜೆ ಮುಗಿಸಿ, ಒದ್ದೆ ತಲೆಯಲ್ಲೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಮಡಿಲಲ್ಲಿ ಪ್ಲಾಸ್ಟಿಕ್ ಕವರು. ಮರಣ ಪತ್ರ, ಅಮ್ಮನ ಆಧಾರ್, ವಾರಸುದಾರರ ಸರ್ಟಿಫಿಕೇಟು ಎಲ್ಲವನ್ನೂ ಹಾಸಿಗೆಯ ಮೇಲೆ ಒಂದೊಂದಾಗಿ ಹರಡಿದಳು. ವಿಶ್ವನಾಥನ್ ಕಳಿಸಿದ್ದ ಫಾರಮಿನಲ್ಲಿ ತನ್ನ ಸಹಿಯನ್ನೂ ಆಗಲೇ ಹಾಕಿದ್ದಳು. ಐದನೇ ಕ್ಲಾಸಿನವರೆಗೆ ಓದಿದವಳು, ಹೆಸರಿನ ಪ್ರತಿ ಅಕ್ಷರವನ್ನೂ ಬೇರೆ ಬೇರೆ ಮಾಡಿ ಬರೆಯುತ್ತಾಳೆ.

“ನೀನು ಇಲ್ಲಿ ಆಕು” ಎಂದು ಬೆರಳಿಟ್ಟು ತೋರಿಸಿದಳು. ‘ಈ ಹಾಡನ್ನು ಮೃತ ಮುನಿಶಾಮಮ್ಮ ಅವರೇ ರಚಿಸಿದರೆಂದು ಪ್ರಮಾಣಪೂರ್ವಕವಾಗಿ’ ಎಂದಿತ್ತು.

ಸೇಲಂನಲ್ಲೇ, ವಿಶ್ವನಾಥನ್ ಎದುರಿಗೇ ಹಾಕಬೇಕಂತೆ ಎಂದು ಸುಳ್ಳು ಹೇಳಿದೆ. ಈ ತಿಂಗಳಲ್ಲಿ ಎಷ್ಟನೆಯ ಸುಳ್ಳೋ.

ಅವಳು ಸುಗುಣಾಳಿಗೆ ಹೇಳುತ್ತಿದ್ದಳು, ನಾನು ಅಡುಗೆಮನೆಯ ಗೋಡೆಗೆ ಒರಗಿ ಕೇಳುತ್ತಿದ್ದೆ. “ಆವತ್ತು ನಾನು ನಡ್ಕೊಂಡಾದ್ರೂ ಓಗ್ಬೇಕಿತ್ತು ಕಣೇ. ಓಗ್ಲಿಲ್ಲ. ನಂಗೂ ಭಯವೇ ಇತ್ತು, ಬಸ್ಸಿಲ್ಲ ಅನ್ನೋದು ಒಂದು ನೆಪ. ಇವನಾದ್ರೂ ಒಳಗೆ ಓದ್ನಲ್ಲ. ಅಮ್ಮ ಕೂಗುದ್ಲಲ್ಲ. ಅದೊಂದು ಮಾತು ಇಲ್ದಿದ್ರೆ ನಾನು ಉಚ್ಚಿಯಾಗ್ತಿದ್ದೆ.”

ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಪೇಂಟಿನ ವಾಸನೆಗೆ ಎಂದು ಸುಗುಣಾಳೇ ಅಕ್ಕನಿಗೆ ಸಮಾಧಾನ ಹೇಳಿದಳು.

೫ ಆಗಸ್ಟ್, ಮಂಗಳವಾರ

ಸಹಿ ಹಾಕಲಿಲ್ಲ.

೬ ಆಗಸ್ಟ್, ಬುಧವಾರ

ಇವತ್ತೂ ಇಲ್ಲ. ಹಾಕಿಬಿಟ್ಟರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅಮ್ಮನಿಗೆ ನಂಬರ್ ಬರುತ್ತದೆ, ಅಕ್ಕನಿಗೆ ಅವಳ ಮಾತು ಉಳಿಯುತ್ತದೆ, ಆ ಹಾಡು ಎಲ್ಲಿತ್ತೋ ಅಲ್ಲೇ ಇರುತ್ತದೆ. ಒಂದು ಗೆರೆ ಎಳೆದರೆ ಮುಗಿಯಿತು. ದಿನಕ್ಕೆ ನೂರು ಗೆರೆ ಎಳೆಯುವವನಿಗೆ ಇದೊಂದು ಆಗುತ್ತಿಲ್ಲ. ಪೆನ್ನು ಹಿಡಿದರೆ ಆ ನೀಲಿ ಕಿಟ್ಟಿನೊಳಗೆ ಮತ್ತೆ ಸಿಕ್ಕಿಬಿದ್ದ ಹಾಗೆ ಬೆವರುತ್ತೇನೆ.

ಉಳಿದಿರುವುದು ಏಳು ದಿನ.

೯ ಆಗಸ್ಟ್, ಶನಿವಾರ

ತೊಪ್ಪೂರಿಗೆ ಹೋಗಿಬಂದೆ. ಎಲ್ಲವನ್ನೂ ಬರೆಯಬೇಕು, ಒಂದನ್ನೂ ಬಿಡಬಾರದು.

ಕಾಳಿಯಪ್ಪನ್ ಹೊಸೂರಿಗೆ ಲೋಡ್ ಹೊರಟಿದ್ದ, ಅವನ ಲಾರಿಯಲ್ಲೇ ಹೋದೆ. ಲಾರಿಗಳ ಬ್ರೇಕ್ ಹೋಗುವ ತೊಪ್ಪೂರು ಘಾಟಿಯ ಹತ್ತಿರ ಬರುತ್ತಿದ್ದಂತೆ ಎದುರಿನಿಂದ ಇಳಿಯುವ ಲಾರಿಗಳನ್ನು ನೋಡಿ ಅವನು ಕೈ ಮುಗಿದ. ನಾನೂ ಮುಗಿದೆ. ಅವನು ಬ್ರೇಕಿಗೆ ಮುಗಿದ, ನಾನು ಆ ಅಜ್ಜಿಗೆ. ಅವಳ ಮಗ ತಿಮ್ಮರಾಜು ಕ್ವಾರಿಯಲ್ಲಿ ಕೆಲಸ ಮಾಡುತ್ತಾನೆ, ಸಿಟ್ಟಿನವನು ಎಂದು ಆ ಊರಿನ ಟೀ ಅಂಗಡಿಯಲ್ಲಿ ಹೇಳಿದರು. ಅಜ್ಜಿ ಆ ಹಾಡು ಬರೆದಳೆಂದು ಊರಿನವರು ಪೊಂಗಲ್‌ಗೆ ಶಾಲು ಹೊದಿಸಿ ಮಾಲೆ ಹಾಕಿದ್ದರಂತೆ. ಅಲ್ಲಿಂದಲೇ ವಾಪಸು ಹೋಗಬೇಕೆನ್ನಿಸಿತು. ಕಾಳಿಯಪ್ಪನ್ ಲಾರಿ ಆಗಲೇ ಹೋಗಿಬಿಟ್ಟಿತ್ತು.

ಮನೆಯ ಮುಂದೆ ತಿಮ್ಮರಾಜು ಬೈಕು ತೊಳೆಯುತ್ತಿದ್ದ. ತೋಳು ನೋಡಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತೆ. ಹಾಡಿನ ವಿಚಾರ ಎಂದೆ. ಅವನು ಬಕೆಟ್ ಕೆಳಗಿಟ್ಟ. “ನೀವೇನಾ ಅದು? ಬನ್ನಿ ಸಾರ್. ಏಳು ತಿಂಗ್ಳಿಂದ ನಮ್ಮಮ್ಮ ಕಾಯ್ತಾವ್ಳೆ. ಯಾರಾದ್ರೂ ಪೊಲೀಸ್ ಕರ್ಕೊಂಡು ಬತ್ತಾರೆ, ಬಂದು ನನ್ನ ಕಳ್ಳಿ ಅಂತಾರೆ ಅಂತ ಊಟ ಬಿಟ್ಟವ್ಳೆ.”

ನಾನು ಅವಳಿಗೆ ಹೆದರಿಕೊಂಡು ಬಂದಿದ್ದೆ, ಅವಳು ನನಗೆ ಹೆದರಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಹೆದರುವವರೂ ಲೋಕದಲ್ಲಿ ಇದ್ದಾರೆ ಎಂದು ಇವತ್ತೇ ಗೊತ್ತಾದದ್ದು.

ಅಜ್ಜಿ ಸಣ್ಣಗಿದ್ದಾಳೆ, ಗಂಟಲು ಮಾತ್ರ ಮೈಕಿನ ಹಾಗಿದೆ. “ನಾನು ಬ್ಯಾಡ ಅಂದೆ ಸಾಮಿ. ಇದು ನಂದಲ್ಲ ಅಂದೆ. ನಿಂಗೆ ವಯಸ್ಸಾಯ್ತು, ಮರೆವು ಅಂದ್ರು. ಫೋನಲ್ಲಿ ನಿನ್ ಎಸ್ರೇ ಐತೆ ನೋಡು ಅಂದ್ರು. ಮಾಲೆ ಆಕುದ್ರು. ಆ ಮಾಲೆ ಮುಳ್ಳಂಗಿತ್ತು.”

ವಿಶ್ವನಾಥನ್ ಬರೆದುಕೊಟ್ಟಿದ್ದ ಕಾಗದವನ್ನು ಓದಿ ಹೇಳಿದೆ: ಈ ಹಾಡು ನನ್ನದಲ್ಲ, ಶಂಕಗಿರಿಯ ದಿವಂಗತ ಮುನಿಶಾಮಮ್ಮ ರಚಿಸಿದ್ದು. ಹೆಬ್ಬೆಟ್ಟಿನ ಮಸಿಡಬ್ಬಿಯನ್ನೂ ತೆಗೆದಿಟ್ಟೆ. ಅವಳು ಬೆರಳು ಚಾಚಿದವಳು ಹಾಗೇ ನಿಲ್ಲಿಸಿದಳು.

“ನಿಮ್ಮಮ್ಮ ಕಟ್ಟಿದ್ದಾ ಇದು?”

“ಹೌದು ಅಜ್ಜಿ.”

“ಎಂಗಿದ್ಲು ಅವಳು? ಮೆತ್ತಗಿದ್ಲಾ, ಜೋರಾ?”

“ಜೋರು. ತುಂಬ ಜೋರು.”

“ಮೂವತ್ತೈದು ವರ್ಷ ಸಾವಿನ ಮನೇಲಿ ಅಳ್ತಾ ಇದ್ದೀನಿ ನಾನು. ಜೋರಾಗಿರೋಳು, ಮಗ ಬಾಗ್ಲಲ್ಲಿ ಕಲ್ಲಂಗೆ ನಿಂತಿದ್ರೆ ‘ಯಾಕಪ್ಪ ಭಯ’ ಅಂತಾಳಾ? ‘ಎಲ್ಲಿ ಆಳಾಗಿ ಓಗಿದ್ದೆ ಇಷ್ಟೊತ್ತು’ ಅಂತಾಳೆ!”

ನನಗೆ ನಗು ಬಂದುಬಿಟ್ಟಿತು. ಅಮ್ಮ ಅದನ್ನೇ ಹೇಳುತ್ತಿದ್ದಳು. ಅದೇ ಮಾತು, ಅದೇ ದನಿ. ನಾಲ್ಕು ವರ್ಷದಲ್ಲಿ ಅಮ್ಮನ ದನಿ ನನ್ನ ಕಿವಿಗೆ ಅಷ್ಟು ಸರಿಯಾಗಿ ಬಿದ್ದದ್ದು ಅದೇ ಮೊದಲು. ನಗುತ್ತಾ ನಗುತ್ತಾ ಅಳು ಶುರುವಾಯಿತು, ನಿಲ್ಲಲಿಲ್ಲ. ತಿಮ್ಮರಾಜು ಒಂದು ಚೊಂಬು ನೀರು ತಂದುಕೊಟ್ಟು, ನನ್ನ ಮುಖ ನೋಡದೆ ಹೊರಗೆ ಹೋದ.

“ಒಳಗೆ ಮಲಗಿರೋಳ ಮಾತಲ್ಲ ಕಣಪ್ಪ ಇದು” ಎಂದಳು ಅಜ್ಜಿ. “ಒರಗೆ ನಿಂತಿರೋನು ಇಂಗೆ ಕೂಗ್ಲಿ ಅಂತ ಕಾಯ್ತಾವ್ನಲ್ಲ, ಅವನ ಮಾತು. ಮೊದಲ್ನೇ ಸಲ ಕೇಳ್ದಾಗ್ಲೇ ಗೊತ್ತಾಯ್ತು, ಗಂಡ್ಸು ಕಟ್ಟಿರೋದು ಅಂತ. ಎಲ್ಲೋ ಒಬ್ಬ ಮಗ ಒಳಗೆ ಓಗಿಲ್ಲ ಅಂತ.”

ನಾನು ಎಲ್ಲವನ್ನೂ ಹೇಳಿದೆ. ನರ್ಸಮ್ಮ, ಕಿಟ್, ಹತ್ತೂವರೆ, ಒಂದು ಗಂಟೆ, ಅಕ್ಕನ ಫೋನ್. ಗುರುತು ಪರಿಚಯ ಇಲ್ಲದವಳ ಮುಂದೆ, ಅಮ್ಮನದೇ ಹೆಸರಿನವಳ ಮುಂದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪದವನ್ನು ಪೂರಾ ಹಾಡು ಅಂದಳು. ಹಾಡಿದೆ. ಕೊನೆಯ ಚರಣದಲ್ಲಿ ತಾಳ ಒಂದು ಕಡೆ ಕುಂಟುತ್ತದೆ ಅಂದಳು. ಕುಂಟುತ್ತದೆ, ನನಗೂ ಗೊತ್ತು, ಹುಡುಗಿ ಹಾಡುವಾಗ ಅದನ್ನು ಮುಚ್ಚಿಬಿಟ್ಟಳು.

ಹೆಬ್ಬೆಟ್ಟು ಮಾತ್ರ ಒತ್ತಲಿಲ್ಲ. “ನಂದಲ್ಲ ಅಂತ ಎಲ್ಲಿ ಬೇಕಾದ್ರೂ ಒತ್ತೀನಿ. ಅವಳದು ಅಂತ ಒತ್ತಲ್ಲ. ಕಟ್ಟಿದೋನು ನನ್ ಮುಂದೆ ಕುಂತವ್ನೆ, ಸತ್ತೋಳ ಮೇಲೆ ಆಕ್ಲಾ? ನಿನ್ ಎಸ್ರು ಬರ್ಕೊಂಡು ಬಾ, ಆಗ ಒತ್ತೀನಿ.”

ಕಾಗದದಲ್ಲಿ ಎರಡನೆಯ ಸಾಲು ಹೊಡೆದುಹಾಕಿ ನನ್ನ ಹೆಸರು ಬರೆಯಲು ನನಗೆ ಕಾಲು ಗಂಟೆ ಹಿಡಿಯಿತು. ಅವಳು ಒತ್ತಿದಳು. ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡು, ಮಗನನ್ನು ಕೂಗಿ ರಾಗಿಮುದ್ದೆ ಮಾಡಿಸಲು ಹೇಳಿದಳು. ಅವಳೂ ಉಂಡಳು. ಏಳು ತಿಂಗಳಿಗೆ ಹೊಟ್ಟೆ ತುಂಬ ಉಂಡಳು ಎಂದ ತಿಮ್ಮರಾಜು.

೧೦ ಆಗಸ್ಟ್, ಭಾನುವಾರ

ಈಗ ನನ್ನ ಹತ್ತಿರ ಎರಡು ಫಾರಂ ಇದೆ. ಒಂದರಲ್ಲಿ ಅಕ್ಕನ ಸಹಿ ಇದೆ. ಇನ್ನೊಂದು ಬರೆದವರೇ ಸಹಿ ಹಾಕುವ ಫಾರಂ, ಅದು ಖಾಲಿ.

ಅಜ್ಜಿಯ ಕಾಗದವನ್ನು ಹರಿದುಹಾಕಿ ಏನೂ ಆಗಿಲ್ಲ ಎನ್ನುವ ಹಾಗೆ ಇರಬಹುದು. ಬೆಳಿಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ವಿಶ್ವನಾಥನ್‌ಗೆ ಫೋನ್ ಮಾಡಿ ನಿಜ ಹೇಳಿದೆ. ಹಾಗಾದರೆ ಇನ್ನೂ ಸುಲಭ ಎಂದ. ನಂಬರ್ ನನ್ನ ಹೆಸರಿನಲ್ಲಿ ತೆಗೆದುಕೊಂಡು, ‘ಮುನಿಶಾಮಮ್ಮ’ ಎನ್ನುವುದನ್ನು ಕಾವ್ಯನಾಮ ಎಂದು ಅದರ ಕೆಳಗೆ ಸೇರಿಸಬಹುದಂತೆ. ವೀಡಿಯೋದಲ್ಲಿ ಅಮ್ಮನ ಹೆಸರು ಹಾಗೇ ಇರುತ್ತದೆ, ಅಕ್ಕ ಯಾಕೆ ಮುಂಬೈಯ ಪಟ್ಟಿ ನೋಡುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ.

ಎಷ್ಟು ಒಳ್ಳೆಯ ದಾರಿ. ಹದಿನೈದು ದಿನದ ಹಿಂದೆ ಹೇಳಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ. ‘ಬೇಡ’ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಬಹುಶಃ ತಲೆ ಕೆಟ್ಟಿರಬೇಕು. ನನ್ನ ಹಾಡಿನ ತಾಳ ಒಂದು ಕಡೆ ಕುಂಟುತ್ತಿದೆ, ಅದನ್ನು ಸರಿಮಾಡಿ ಮತ್ತೆ ರೆಕಾರ್ಡ್ ಮಾಡಬೇಕು ಎಂದೂ ಹೇಳಿದೆ.

ಸಂಜೆ ಸುಗುಣಾಳಿಗೆ ಹೇಳಿದೆ. ಅವಳು ಹುರುಳಿ ಆರಿಸುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ. “ಅತ್ತೆ ಅಷ್ಟು ಮೆತ್ತಗೆ ಮಾತಾಡಿದ್ದನ್ನ ನಾನು ಒಂದ್ಸಲಾನೂ ಕೇಳಿಲ್ಲ, ಅದಕ್ಕೇ ಅನ್ಮಾನ ಇತ್ತು” ಎಂದಳು. ಆಮೇಲೆ, “ಅಕ್ಕನ್ಗೆ ಫೋನಲ್ಲಿ ಏಳ್ಬೇಡಿ. ಓಗಿ ಏಳಿ” ಎಂದಳು.

೧೧ ಆಗಸ್ಟ್, ಸೋಮವಾರ

ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ.

೧೨ ಆಗಸ್ಟ್, ಮಂಗಳವಾರ

ನಂಗವಳ್ಳಿಯಿಂದ ಈಗ ಬಂದೆ. ನಾಳೆ ಕೊನೆಯ ದಿನ.

ಅಕ್ಕ ಜಗಲಿಯಲ್ಲಿ ಕೂತು ಬೀಜಕ್ಕೆ ಕಡಲೆಕಾಯಿ ಒಡೆಯುತ್ತಿದ್ದಳು. ಭಾವ ಹೊಲಕ್ಕೆ ಹೋಗಿದ್ದರು. ಫಾರಂ ಕಳಿಸಿದೆಯಾ, ಅಮ್ಮನ ನಂಬರ್ ಬಂತಾ ಎಂದು ಕೇಳುತ್ತಾ ನನ್ನ ಕೈಗೂ ಒಂದು ಹಿಡಿ ಕಾಯಿ ಹಾಕಿದಳು. ನಾನು ಒಂದನ್ನೂ ಒಡೆಯಲಿಲ್ಲ. ನಿಂತುಕೊಂಡೇ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಆ ಹಾಡು ನಾನು ಬರೆದದ್ದು ಅಕ್ಕ, ಅಮ್ಮ ಹಾಗೆ ಹೇಳಲಿಲ್ಲ, ನಾನು ಬಾಗಿಲಲ್ಲೇ ನಿಂತುಬಿಟ್ಟೆ ಅಂದೆ.

ಅವಳ ಕೈ ಇನ್ನೂ ನಾಲ್ಕೈದು ಕಾಯಿ ಒಡೆಯಿತು. ಆಮೇಲೆ ನಿಂತಿತು.

“ಅಂಗಾರೆ ಅಮ್ಮ ಏನೂ ಏಳ್ಲಿಲ್ವಾ?”

“ಗೊತ್ತಿಲ್ಲ ಅಕ್ಕ. ನಾನು ಒಳಗೆ ಓಗ್ಲೇ ಇಲ್ಲ.”

ಈ ಮಾತಿನಷ್ಟು ಕೆಟ್ಟದ್ದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದಳೋ ಇಲ್ಲವೋ, ಹೇಳಿದ್ದರೆ ಯಾರು ಕೇಳಿಸಿಕೊಂಡರೋ, ಇನ್ನು ಯಾವತ್ತಿಗೂ ಗೊತ್ತಾಗುವುದಿಲ್ಲ. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಜಗಲಿಯ ಮೇಲೆ ಕೂತೆ. ಒಳಗಿನಿಂದ ಸದ್ದೇ ಇಲ್ಲ. ಎದುರುಮನೆಯವಳು ಬಂದು ಏನಾಯಿತೆಂದು ಕೇಳಿ ಹೋದಳು. ಹನ್ನೆರಡೂವರೆ ಬಸ್ಸು ಬಂತು, ಹೋಯಿತು. ಅದರಲ್ಲಿ ಹೋಗಿಬಿಡಬೇಕೆಂದು ಚೀಲವನ್ನು ಹೆಗಲಿಗೂ ಹಾಕಿಕೊಂಡಿದ್ದೆ. ನನಗೆ ತುಂಬ ಭಯವಾಗಿತ್ತು. ಅವಳು ಒಳಗೆ ಏನಾದರೂ ಮಾಡಿಕೊಂಡರೆ ಎಂದು ಭಯ, ಏನೂ ಮಾಡಿಕೊಳ್ಳದೆ ಬಂದು ನನ್ನ ಮುಖ ನೋಡಿದರೆ ಎಂದೂ ಭಯ. ಎರಡು ಗಂಟೆಗೆ ಇನ್ನೊಂದು ಬಸ್ಸು ಹೋಯಿತು. ಆಮೇಲೆ ಬಾಗಿಲು ತಳ್ಳಿದೆ. ಅಗುಳಿ ಹಾಕಿರಲಿಲ್ಲ. ಒಳಗೆ ಹೋದೆ.

ಅವಳು ರಾಗಿ ಮೂಟೆಗೆ ಒರಗಿ ನೆಲದ ಮೇಲೆ ಕೂತಿದ್ದಳು. “ಓಗು” ಎಂದಳು. ನಾನು ಪಕ್ಕದಲ್ಲಿ ಕೂತೆ. “ಓಗೋ ಅಂದ್ರೆ. ನಿನ್ ಮುಖ ನೋಡಾಕಾಗಲ್ಲ.” ನೋಡಬೇಡ ಅಕ್ಕ, ನಾನು ಇಲ್ಲೇ ಇರುತ್ತೇನೆ ಅಂದೆ. ಅವಳು ನನ್ನ ಭುಜಕ್ಕೆ ಹೊಡೆದಳು. ಒಂದಲ್ಲ, ಕೈ ಸೋಲುವ ತನಕ ಹೊಡೆದಳು. ನಾಲ್ಕು ವರ್ಷ ಕಣೋ, ನಾಲ್ಕು ವರ್ಷ ಆ ಮಾತು ಕಟ್ಟಿಕೊಂಡು ಮಲಗಿದೆ ಎನ್ನುತ್ತಾ ಹೊಡೆದಳು. ಆಮೇಲೆ ಇಬ್ಬರೂ ಅತ್ತೆವು. ಅಮ್ಮ ಸತ್ತಾಗ ಇಬ್ಬರೂ ಒಂದು ಕಡೆ ಕೂತು ಅತ್ತಿರಲಿಲ್ಲ, ಬಸ್ಸಿರಲಿಲ್ಲ.

ಭಾವ ಬರುವ ಹೊತ್ತಿಗೆ ಅವಳು ಮುಖ ತೊಳೆದುಕೊಂಡು ಬಂದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ತಾನು ಸಹಿ ಹಾಕಿದ್ದ ಹಳೆಯ ಫಾರಂ ಕೇಳಿ ತೆಗೆದುಕೊಂಡು, ಸರಿಯಾಗಿ ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದಳು. ಇನ್ನೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದಕ್ಕೂ ನಾನು ಸೈನ್ ಆಕ್ಬೇಕಾ?”

“ಬೇಡ ಅಕ್ಕ. ಇದಕ್ಕೆ ನಂದೊಂದೇ ಸಾಕು.”

“ಅಂಗಾರೆ ಆಕು” ಎಂದು ಪೆನ್ನು ಕೊಟ್ಟಳು. ಅವಳು ನೋಡುತ್ತಿರುವಾಗಲೇ ಹಾಕಿದೆ.